ಬೀಗರ ಅಂಗಳದ ಕೋಲು ದಾಸವಾಳ

ಕುರ್ಲಾ
15 ಸೆಪ್ಟೆಂಬರ್ 2024

ಮಗಳು ವಿಜೇತಾಳಿಗೆ ಅಪ್ಪನ ಆಶೀರ್ವಾದ.

ನಿನ್ನೆ ನಿನ್ನ ಗಂಡ ಅನಿಲ ಫೋನ್ ಮಾಡಿದ್ದ. ಏನು ಹೇಳಿದನೋ ದೇವರಿಗೇ ಗೊತ್ತು. ಪರೇಲಿನ ಹೋಟೆಲಿನಲ್ಲಿ ಜೀವಮಾನವಿಡೀ ರುಬ್ಬುವ ಮೆಷಿನಿನ ಪಕ್ಕ ನಿಂತು ಅಡುಗೆ ಮಾಡಿದವನ ಕಿವಿ ಇದು. ಫೋನಿನಲ್ಲಿ ಯಾರು ಮಾತಾಡಿದರೂ ಒಗ್ಗರಣೆ ಸಿಡಿದ ಹಾಗೆ ಕೇಳುತ್ತದೆ. ಕಡೆಗೆ ಪಕ್ಕದ ಖೋಲಿಯ ಹರಿಣಿ ಫೋನ್ ಕಿತ್ತುಕೊಂಡು ಕೇಳಿಸಿಕೊಂಡು, ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: "ಸೀನಣ್ಣಾ, ನೀವು ಅಜ್ಜ ಆಗ್ತೀರಂತೆ ಮಾರಾಯ್ರೇ!" ಇಡೀ ಚಾಳಿಗೆ ಕೇಳಿತು. ನಾನು ಒಳಗೆ ಹೋಗಿ ನಿನ್ನ ಅಮ್ಮನ ಫೋಟೋದ ಎದುರು ಸ್ವಲ್ಪ ಹೊತ್ತು ನಿಂತೆ.

ಮೆಸೇಜು ಮಾಡಿ ಅನ್ನುತ್ತಾನೆ ಅನಿಲ. ಆ ಸಣ್ಣ ಅಕ್ಷರ ಒತ್ತುವುದಕ್ಕೆ ನನ್ನ ಬೆರಳು ದಪ್ಪ. ಅದಕ್ಕೇ ಪತ್ರ. ನೀನೂ ಪತ್ರವನ್ನೇ ಬರೆ. ನಿನ್ನನ್ನು ಕನ್ನಡ ಶಾಲೆಗೆ ಕಳಿಸಿದ್ದು ಸುಮ್ಮನೆ ಅಲ್ಲ.

ಈಗ ಮುಖ್ಯ ಸಂಗತಿ. ಚೊಚ್ಚಲ ಬಾಣಂತನ ತವರುಮನೆಯದ್ದು. ಅಮ್ಮ ಇಲ್ಲವಲ್ಲ, ಯಾರು ಮಾಡುತ್ತಾರೆ ಅಂತ ಕೇಳಬೇಡ. ನಾನು ಮಾಡುತ್ತೇನೆ. ಮಿಲ್ಲಿನ ಶಿಫ್ಟು ಬಿಟ್ಟಾಗ ನುಗ್ಗಿ ಬರುತ್ತಿದ್ದ ಅಷ್ಟು ಜನಕ್ಕೆ ಊಟ ಹಾಕಿದವನು ಒಬ್ಬಳು ಬಾಣಂತಿಗೆ ಮೆಂತೆ ಗಂಜಿ ಬೇಯಿಸಲಾರನೇ? ಕುಚ್ಚಲಕ್ಕಿ ಹೇಳಿಟ್ಟಿದ್ದೇನೆ. ಮಗುವಿಗೆ ಎಣ್ಣೆ ಹಚ್ಚಿ ಎರೆಯುವುದಕ್ಕೆ ಕೆಳಗಿನ ಮಾಳಿಗೆಯ ರುದ್ರವ್ವ ಉಂಟು. ನೀನು ಬಂದರೆ ಸಾಕು.

ವಿಕ್ರೋಳಿಗೆ ಮಾತ್ರ ನಾನು ಬರುವುದಿಲ್ಲ. ಮಾರ್ಚ್‌ನಲ್ಲಿ ಬಂದಾಗ ಕಂಡದ್ದು ಸಾಕು. ನಿಮ್ಮ ಕ್ವಾರ್ಟರ್ಸಿನ ಮುಂದಿನ ಆ ಅಂಗೈಯಗಲ ಜಾಗದಲ್ಲಿ ನಿನ್ನ ಮಾವ ನೀಲಕಂಠಪ್ಪನವರು ನಿಂತುಕೊಂಡು ಹೋಗುವವರಿಗೆ ಬರುವವರಿಗೆ, "ನಮ್ಮ ಹೂವಾ ನೋಡ್ರಿ, ನಮ್ಮ ಹೂವಾ" ಅಂತ ತೋರಿಸುತ್ತಿದ್ದರು. ಅವರ ಹೂವಂತೆ! ನರ್ಸರಿಯವರು ಹಾಲಿಹಾಕ್ ಅನ್ನುವ ಗಿಡಕ್ಕೆ ಕೋಲು ದಾಸವಾಳ ಅಂತ ಹೆಸರಿಟ್ಟವಳು ನಿನ್ನ ಅಮ್ಮ ಪ್ರಫುಲ್ಲಾ. ವರ್ಷ ವರ್ಷ ಒಣಗಿದ ಕಾಯಿ ಬಿಡಿಸಿ ಬೀಜ ಹಿಡಿದಿಟ್ಟವಳು ಅವಳು. ನಿನ್ನ ಮದುವೆಯ ದಿನ ಅರ್ಧ ಬೀಜ ನಿನ್ನ ಕೈಗೆ ಕೊಟ್ಟು, ಅದೇ ಮಳೆಗಾಲದಲ್ಲಿ ಹೋಗಿಬಿಟ್ಟಳು. ಕಪ್ಪು ಅನ್ನುವಷ್ಟು ಕೆಂಪಾದ ಆ ಹೂ ಖೋಲಿಯ ಮುಂದಿನ ನಮ್ಮ ಗ್ಯಾಲರಿಯ ಎಣ್ಣೆ ಡಬ್ಬದಲ್ಲಿ ನನ್ನ ಸೊಂಟ ದಾಟುವುದಿಲ್ಲ. ನಿಮ್ಮಲ್ಲಿ ಕಿಟಕಿಯ ಸಜ್ಜಾ ಮುಟ್ಟಿತ್ತು. ನೋಡಿ ನನಗೆ ಹೊಟ್ಟೆ ಉರಿಯಿತು. ಹೌದು, ಉರಿಯಿತು, ಬರೆಯುವುದಕ್ಕೆ ನಾಚಿಕೆ ಏನಿಲ್ಲ. ಅದಕ್ಕೇ ಚಾ ಕುಡಿಯದೆ ಎದ್ದು ಬಂದೆ.

ಈ ವರ್ಷದ ಬೀಜ ಮೊದಲ ಸಲ ನಾನೇ ಹಿಡಿದಿಟ್ಟಿದ್ದೇನೆ. ಮಳೆ ನಿಂತ ಕೂಡಲೇ ಬಿತ್ತುತ್ತೇನೆ. ನೀನು ಬರುವಾಗ ಗ್ಯಾಲರಿ ತುಂಬ ಅಮ್ಮನ ಹೂ ಇರುತ್ತದೆ.

ನಿನ್ನ ಅಪ್ಪ,
ಸೀನ


ವಿಕ್ರೋಳಿ
8 ಅಕ್ಟೋಬರ್ 2024

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಸಿಟ್ಟಾಗಬೇಡಿ. ಡಾಕ್ಟರು ಸ್ವಲ್ಪ ದಿನ ಮಲಗಿಯೇ ಇರಬೇಕು ಅಂದಿದ್ದಾರೆ. ಹೆದರುವಂಥದ್ದು ಏನೂ ಇಲ್ಲ. ಲೋಕಲ್ ಹತ್ತುವುದು, ಸ್ಟೇಷನ್ನಿನ ಮೆಟ್ಟಿಲು ಎಲ್ಲ ಬಂದ್. ಇಲ್ಲದಿದ್ದರೆ ಈ ಭಾನುವಾರ ಕುರ್ಲಾಕ್ಕೆ ಬಂದು ನಿಮ್ಮ ಕೈಯ ನೀರುದೋಸೆ ತಿನ್ನುತ್ತಿದ್ದೆ.

ಮಾವ ಭಾಳ ಕಾಳಜಿ ಮಾಡುತ್ತಾರೆ. ಗಿಡ ಕಾಣಲಿ ಅಂತ ನನ್ನ ಮಂಚವನ್ನು ಕಿಟಕಿಯ ಹತ್ತಿರ ಎಳೆದು ಹಾಕಿದ್ದಾರೆ. ನಾನು ಇಲ್ಲಿಂದಲೇ ಹುಕುಂ ಕೊಡುತ್ತೇನೆ, ಅವರು ಅಲ್ಲಿ ಮಣ್ಣು ಅಗೆಯುತ್ತಾರೆ. ನಮ್ಮ ಮಣ್ಣು ಆಳ ಉಂಟಲ್ಲ, ಬೇರು ಕೆಳಗೆ ಇಳಿಯುತ್ತದೆ, ಅದಕ್ಕೇ ಗಿಡ ಎತ್ತರ, ನಿಮ್ಮ ಕೈಗುಣದಲ್ಲಿ ಏನೂ ದೋಷ ಇಲ್ಲ. ಈ ಸಲ ಮಾವ ಗುಲಾಬಿ ಬಣ್ಣದ್ದೂ ಬೇಕು ಅಂತ ದಾದರಿನಿಂದ ಬೇರೆ ಬೀಜ ತಂದಿದ್ದಾರೆ. ಅತ್ತೆ ಈಗಲೇ ಹೆರಿಗೆ ಆದಮೇಲೆ ತಿನ್ನುವ ಅಂಟಿನುಂಡಿಯ ಮಾತಾಡುತ್ತಾರೆ.

ನೀವು ಬಿತ್ತಿದಿರಾ? ಊಟ ಸರಿಯಾಗಿ ಮಾಡಿ. ಊರಿಗೆಲ್ಲ ಬೇಯಿಸಿ ಹಾಕಿದವರು ನೀವು ಚಾ ಬಿಸ್ಕೆಟಿನಲ್ಲಿ ದಿನ ಕಳೆಯುತ್ತೀರಿ ಅಂತ ಹರಿಣಿ ಅಕ್ಕ ಹೇಳಿದರು.

ನಿಮ್ಮ ಮಗಳು,
ವಿಜೇತಾ


ಕುರ್ಲಾ
10 ನವೆಂಬರ್ 2024

ವಿಜೇತಾಳಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಓದಿದೆ, ಮಡಿಚಿಟ್ಟೆ, ಮತ್ತೆ ತೆಗೆದು ಓದಿದೆ. ಬಾಣಂತನದ ಬಗ್ಗೆ ಒಂದಕ್ಷರ ಇಲ್ಲ. ಮಾವ ಹಾಗೆ, ಮಾವ ಹೀಗೆ. "ಭಾಳ" ಅಂತೆ! ನಮ್ಮ ಮನೆಯಲ್ಲಿ ಯಾವತ್ತು ಈ ಭಾಳ ಇತ್ತು? ನಾವು ಭಾರೀ ಅನ್ನುವವರು. "ನಮ್ಮ ಮಣ್ಣು" ಅಂತ ಬೇರೆ ಬರೆದಿದ್ದಿ. ಮದುವೆಯಾಗಿ ಇನ್ನೂ ಎಷ್ಟು ದಿನವಾಯಿತು?

ಮಂಚ ಎಳೆದರಂತೆ! ನಮ್ಮ ಖೋಲಿಯಲ್ಲಿ ಮಂಚ ಎಳೆಯುವಷ್ಟು ಜಾಗ ಇಲ್ಲ, ಅದು ನನ್ನ ತಪ್ಪೇ? ಇದೇ ಖೋಲಿಯಲ್ಲಿ ನಿನಗೆ ಟೈಫಾಯಿಡ್ ಬಂದಾಗ ಹೋಟೆಲಿಗೆ ರಜೆ ಹಾಕಿ ರಾತ್ರಿ ಹಗಲು ಕೂತಿದ್ದೆ. ಆಗ ಯಾವ ನೀಲಕಂಠಪ್ಪ ಇದ್ದರು ಕೇಳು.

ನನ್ನ ಬೀಜ ಹುಟ್ಟಲಿಲ್ಲ. ಒಂದೇ ಒಂದು ಹುಟ್ಟಲಿಲ್ಲ. ಎಲ್ಲ ಡಬ್ಬಗಳಲ್ಲೂ ಬಿತ್ತಿದೆ, ನೀರು ಚಿಮುಕಿಸಿದೆ, ಕಾಗೆ ಬಾರದ ಹಾಗೆ ಹಳೆಯ ಸೊಳ್ಳೆಪರದೆ ಕಟ್ಟಿದೆ. ದೀಪಾವಳಿ ಬಂತು, ಹೋಯಿತು. ಬರೀ ಮಣ್ಣು. ಅಲ್ಲಿ ಆ ಮನುಷ್ಯ ನನ್ನ ಗಿಡಗಳ ಮೇಲೆ ಕಣ್ಣು ಹಾಕಿದ್ದಾರೆ, ಬೇರೆ ಕಾರಣ ನನಗೆ ಕಾಣುವುದಿಲ್ಲ. ಬೀಜ ಇಟ್ಟದ್ದರಲ್ಲಿ ನನ್ನ ತಪ್ಪಿಲ್ಲ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಹುಳ ಹಿಡಿಯಬಾರದು ಅಂತ ಬಾಣಲೆಯಲ್ಲಿ ಸಣ್ಣ ಉರಿಗೆ ಹದವಾಗಿ ಬಿಸಿ ಮಾಡಿ, ಆರಿಸಿ, ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿದ್ದೆ. ಹೋಟೆಲಿನಲ್ಲಿ ರವೆ, ಕೊತ್ತಂಬರಿ ಎಲ್ಲ ಇಡುವುದು ಹೀಗೇ. ಒಂದು ಹುಳ ಬಿದ್ದಿತ್ತಾ ಕೇಳು. ಇಲ್ಲ.

ನೀನು ಬರುತ್ತೀಯೋ ಇಲ್ಲವೋ? ನೇರವಾಗಿ ಬರೆ.

ಅಪ್ಪ


ವಿಕ್ರೋಳಿ
19 ನವೆಂಬರ್ 2024

ಅಪ್ಪಾ,

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಅಳು ಬಂತು. ಹೇಳದೆ ಇರೋಣ ಅಂದುಕೊಂಡೆ. ಆದರೆ ಹೇಳದಿದ್ದರೆ ನೀವು ಬರುವ ವರ್ಷವೂ ಹಾಗೇ ಮಾಡುತ್ತೀರಿ, ಮತ್ತೆ ಮಾವನವರನ್ನು ಬೈಯುತ್ತೀರಿ. ಬೀಜಕ್ಕೆ ಜೀವ ಇರುತ್ತದೆ ಅಪ್ಪಾ. ಬಾಣಲೆಗೆ ಹಾಕಿದರೆ ಸತ್ತುಹೋಗುತ್ತದೆ. ರವೆ ಮತ್ತೆ ಹುಟ್ಟಬೇಕಾಗಿಲ್ಲ, ಇದು ಹುಟ್ಟಬೇಕಿತ್ತು. ಅಮ್ಮ ಬರೀ ನೆರಳಲ್ಲಿ ಒಣಗಿಸಿ ಹಳೆಯ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ನೀವು ಹೋಟೆಲಿನಲ್ಲೇ ಇರುತ್ತಿದ್ದಿರಿ, ನೋಡಿಲ್ಲ.

ಇದರ ಜೊತೆ ಸ್ವಲ್ಪ ಬೀಜ ಕಳಿಸಿದ್ದೇನೆ. ಮದುವೆಯಲ್ಲಿ ಅಮ್ಮ ಕೊಟ್ಟದ್ದರಲ್ಲಿ ಉಳಿದದ್ದು. ಮಾವನವರ ಗಿಡದ್ದಲ್ಲ, ಅಮ್ಮನ ಕೈಯದ್ದೇ. ಈಗಲೇ ಬಿತ್ತಿ, ತಡವಾದರೂ ಹೂ ಬಿಡುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ.

ಬಾಣಂತನದ್ದು ಕೇಳಿದಿರಿ. ನಾನು ಇಲ್ಲೇ ಇರಬೇಕು ಅಂತ ಅತ್ತೆಗೆ ಆಸೆ. ಅಲ್ಲಿಗೇ ಬರಬೇಕು ಅಂತ ನಿಮಗೆ. ನನಗೇನು ಬೇಕು ಅಂತ ಅವರೂ ಕೇಳಿಲ್ಲ, ನೀವೂ ಕೇಳಿಲ್ಲ.

ವಿಜೇತಾ


ಕುರ್ಲಾ
12 ಜನವರಿ 2025

ಮಗಾ,

ನಿನ್ನ ಪತ್ರ ಬಂದ ದಿನ ನಾನು ಒಲೆ ಹಚ್ಚಲಿಲ್ಲ. ಅವಳು ಅಷ್ಟು ವರ್ಷ ಕಾಪಾಡಿದ್ದನ್ನು ನಾನು ನನ್ನ ಕೈಯಾರೆ ಹುರಿದುಬಿಟ್ಟೆನಲ್ಲ. ಹದವಾಗಿ ಹುರಿದೆ ಅಂತ ಹೆಮ್ಮೆ ಬೇರೆ! ಹರಿಣಿಗೂ ಹೇಳಲಿಲ್ಲ. ಹೇಳಿದರೆ ಈ ಚಾಳಿನಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ.

ನೀನು ಕಳಿಸಿದ್ದು ಹುಟ್ಟಿತು. ಈಗ ಎಲೆ ನನ್ನ ಅಂಗೈಯಷ್ಟಾಗಿದೆ. ಎಲೆಯ ಅಡಿಗೆ ತುಕ್ಕು ಹಿಡಿಯುತ್ತದಲ್ಲ, ದಿನಾ ಬೆಳಗ್ಗೆ ಒಂದೊಂದೇ ತಿರುಗಿಸಿ ನೋಡಿ, ಚುಕ್ಕೆ ಕಂಡದ್ದನ್ನು ಚಿವುಟುತ್ತೇನೆ. ಅವಳ ಕೈಯ ಬೀಜ ಅಂತ ನೋಡಿದರೇ ಗೊತ್ತಾಗುತ್ತದೆ. ಬೇರೆಯವರದ್ದಾಗಿದ್ದರೆ ಈ ಜೀವಕಳೆ ಎಲ್ಲಿಂದ ಬರಬೇಕು? ನಿನ್ನ ಮಾವನ ಬೀಜವಾಗಿದ್ದರೆ ಡಬ್ಬದ ಸಮೇತ ಕೆಳಗೆ ಬಿಸಾಡುತ್ತಿದ್ದೆ, ಸತ್ಯ ಹೇಳುತ್ತೇನೆ. ಈಗ ನಮ್ಮ ಗ್ಯಾಲರಿಯಲ್ಲೂ ಅಮ್ಮನ ಗಿಡ ಉಂಟು. ಅವರ ಮುಂದೆ ಕೈ ಚಾಚುವ ಗತಿ ನನಗೆ ಬರಲಿಲ್ಲ.

ನಿನಗೇನು ಬೇಕು ಅಂತ ಕೇಳಲಿಲ್ಲ ಅಂದಿ. ಕೇಳುವುದಕ್ಕೆ ಭಯ ಮಗಾ. ಇಲ್ಲೇ ಇರುತ್ತೇನೆ ಅಂತ ನೀನು ಬರೆದುಬಿಟ್ಟರೆ ಆಮೇಲೆ ನಾನು ಆ ಕುಚ್ಚಲಕ್ಕಿಯನ್ನು ಏನು ಮಾಡಲಿ? ಅಲ್ಲಿ ಅತ್ತೆ ಉಂಟು, ಅಂಗಳ ಉಂಟು, ಕಿಟಕಿ ಉಂಟು. ಇಲ್ಲಿ ಕಿವುಡ ಮುದುಕ ಒಬ್ಬ. ನನಗೇ ಗೊತ್ತಾಗುತ್ತದೆ.

ಏಳನೇ ತಿಂಗಳ ಸೀಮಂತಕ್ಕೆ ಬರುತ್ತೇನೆ. ವಿಕ್ರೋಳಿಗೆ ಕಾಲಿಡುವುದಿಲ್ಲ ಅಂದದ್ದನ್ನು ಆ ಒಂದು ದಿನಕ್ಕೆ ಬಿಟ್ಟೆ. ಲಾಡು ನಾನೇ ಕಟ್ಟುತ್ತೇನೆ. ಸೀಮಂತ ಮುಗಿಸಿ ನಿನ್ನನ್ನು ಕರೆದುಕೊಂಡು ಬರುವುದು ನಮ್ಮ ಪದ್ಧತಿ. ಟ್ಯಾಕ್ಸಿಗೆ ಹೇಳಿದ್ದೇನೆ.

ಅಪ್ಪ


ವಿಕ್ರೋಳಿ
20 ಫೆಬ್ರವರಿ 2025

ಬೀಗರಾದ ಸೀನಪ್ಪನವರಿಗೆ ನೀಲಕಂಠಪ್ಪನ ಶರಣು.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಎದುರಿಗೆ ಹೇಳಿದರೆ ನೀವು ಕೇಳುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಸೊಸೆಗೆ ತಿಳಿಯದು.

ಮೊನ್ನೆ ಕುಬಸದ ದಿನ, ನೀವು ಸೀಮಂತ ಅನ್ನುತ್ತೀರಲ್ಲ, ಆಕೆಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದೆವು. ನೀವು ಟ್ಯಾಕ್ಸಿಯ ಮಾತು ತೆಗೆದಿರಿ. ನನ್ನ ಹೆಂಡತಿ ಹಾಲವ್ವ, "ಗಂಡಸ ಮನಷ್ಯಾ ಬಾಣಂತನ ಮಾಡೂದು ಎಲ್ಲೆರ ಕೇಳೀರೇನ್ರಿ? ಇಲ್ಲೇ ಇರ್ಲಿ ಬಿಡ್ರಿ" ಅಂದಳು. ಆಕೆ ಹಾಗೆ ಅನ್ನಬಾರದಿತ್ತು, ಒಪ್ಪುತ್ತೇನೆ. ಆದರೆ ನೀವು ಬೈದದ್ದು ಆಕೆಗಲ್ಲ. ನನ್ನ ಕಡೆ ತಿರುಗಿ, ಕ್ವಾರ್ಟರ್ಸಿನ ಮಂದಿಯ ಮುಂದೆ, "ಹೂ ತಗೊಂಡ್ರಿ, ಮಗಳನ್ನು ತಗೊಂಡ್ರಿ, ಈಗ ಮೊಮ್ಮಗು ಬೇರೆ ಬೇಕಾ? ಕಳ್ಳರು ನೀವು!" ಅಂತ ಕೂಗಿದಿರಿ. ಲಾಡಿನ ಡಬ್ಬ ಅಲ್ಲೇ ಬಿಟ್ಟು ಹೋದಿರಿ. ಲಾಡು ಬಹಳ ಚೆನ್ನಾಗಿದ್ದವು. ನನಗೆ ಸಿಟ್ಟು ಹೆಚ್ಚಾಗಲು ಅದೂ ಒಂದು ಕಾರಣ.

ಈಗ ಕೇಳಿರಿ. ನಿಮ್ಮ ಗ್ಯಾಲರಿಯಲ್ಲಿರುವ ಗಿಡಗಳು ನಮ್ಮ ಅಂಗಳದ ಬೀಜದವು. ಮದುವೆಯಲ್ಲಿ ನಿಮ್ಮ ಮನೆಯವರು ಕೊಟ್ಟದ್ದನ್ನು ಮೊದಲ ವರ್ಷವೇ ಬಿತ್ತಿ ಮುಗಿಸಿದ್ದೆವು. ನವೆಂಬರಿನಲ್ಲಿ ವಿಜೇತಾ ನಿಮ್ಮ ಪತ್ರ ಎದೆಯ ಮೇಲೆ ಇಟ್ಟುಕೊಂಡು ಅಳುತ್ತಿದ್ದಳು. ನಾನೇ ನಾಲ್ಕು ಬೀಜ ತಂದು ಕೊಟ್ಟೆ. "ನಿಮ್ಮವು ಅಂದ್ರ ಅಪ್ಪ ತಗೊಳ್ಳಂಗಿಲ್ರಿ ಮಾವ" ಅಂದಳು. ಹಾಗಾದರೆ ನಿಮ್ಮವ್ವನವು ಅಂತ ಬರಿ, ಅವು ಅವರವೇ ಅಲ್ಲವೇ ಅಂದೆ. ಸುಳ್ಳು ನನ್ನದು, ಆಕೆಯದಲ್ಲ.

ನಾನು ದಾದರಿನಿಂದ ತಂದು ಬೆಳೆಸಿದ ಗುಲಾಬಿ ಬಣ್ಣದವು ಈ ಸಲ ನನ್ನೆತ್ತರ ಬಂದಿದ್ದವು. ಮೊಗ್ಗು ಕಟ್ಟಿದ ಮೇಲೆ ಬೇರುಸಹಿತ ಕಿತ್ತು ಹಾಕಿದೆ. ಎರಡೂ ಒಟ್ಟಿಗೆ ಅರಳಿದರೆ ಜೇನ್ನೊಣ ಬೆರಕೆ ಮಾಡಿಬಿಡುತ್ತದೆ, ಮುಂದಿನ ಬೀಜದಲ್ಲಿ ನಿಮ್ಮವರ ಬಣ್ಣ ಉಳಿಯುವುದಿಲ್ಲ. ಕುಬಸದ ದಿನ ಪಾತಿಯ ಅರ್ಧ ಬರಿದಾಗಿತ್ತು. ನೀವು ಸಿಟ್ಟಿನಲ್ಲಿ ನೋಡಲಿಲ್ಲ.

ಇನ್ನೊಂದು ಮಾತು. ನನಗೆ ಹೆಣ್ಣುಮಕ್ಕಳಿಲ್ಲ. ಅಕ್ಟೋಬರಿನಲ್ಲಿ ವಿಜೇತಾಳಿಗೆ ರಕ್ತ ಕಂಡಿತು, ನಿಮಗೆ ಹೆದರಿಕೆ ಆಗುತ್ತದೆ ಅಂತ ಆಕೆ ಬರೆದಿಲ್ಲ. ಆ ನೋವಿನಲ್ಲಿ "ಅಪ್ಪಾ" ಅಂತ ಕೂಗಿದಳು. ನಾನು ಓಡಿ ಹೋಗಿ ಎದುರಿಗೆ ನಿಂತೆ. ಆಕೆ ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡಿದಳು. ಈ ಎರಡು ವರ್ಷ ನಾನು ಏನೇನು ಮಾಡಿದ್ದೇನೆ, ನೀವು ಕುರ್ಲಾದಲ್ಲಿ ಸುಮ್ಮನೆ ಕೂತೇ ಗೆದ್ದಿರಿ. ನಿಮ್ಮೊಬ್ಬರಿಗೇ ಹೊಟ್ಟೆಕಿಚ್ಚು ಅಂತ ತಿಳಿಯಬೇಡಿ.

ಹಾಲವ್ವನಿಗೆ ಹೇಳಿ ಒಪ್ಪಿಸಿದ್ದೇನೆ. ಡಾಕ್ಟರೂ ಹೂಂ ಅಂದಿದ್ದಾರೆ. ವಿಜೇತಾಳನ್ನೂ ಕೇಳಿದೆ, ಎಲ್ಲಿರುತ್ತಿ ಅಂತ. ಸಂಜೆಯೊಳಗೆ ಬ್ಯಾಗು ತುಂಬಿದ್ದಳು. ಬಂದು ಕರೆದುಕೊಂಡು ಹೋಗಿರಿ.

ನೀಲಕಂಠಪ್ಪ


ಕುರ್ಲಾ
2 ಮಾರ್ಚ್ 2025

ಬೀಗರಾದ ನೀಲಕಂಠಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ಓದಿದ ಮೇಲೆ ಗ್ಯಾಲರಿಗೆ ಹೋಗಿ, ಕಿತ್ತು ಬಿಸಾಡಬೇಕು ಅಂತ ಒಂದು ಗಿಡದ ಬುಡಕ್ಕೆ ಕೈ ಹಾಕಿದೆ. ಮೊಗ್ಗು ಬಂದಿತ್ತು. ತುದಿಯಲ್ಲಿ ಕೆಂಪು ಇಣುಕುತ್ತಿತ್ತು. ಕೈ ತೆಗೆದೆ.

ಬರುವ ಭಾನುವಾರ ಬೆಳಗ್ಗೆ ಟ್ಯಾಕ್ಸಿ ತರುತ್ತೇನೆ. ಚಾ ಬೇಡ.

ಸೀನ


ಕುರ್ಲಾ
1 ಜೂನ್ 2025

ಬೀಗರಾದ ನೀಲಕಂಠಪ್ಪನವರಿಗೆ ಸೀನನ ನಮಸ್ಕಾರಗಳು.

ಮಗು ಚೆನ್ನಾಗಿದೆ. ಹೆಣ್ಣು ಅಂತ ಗೊತ್ತಾದ ದಿನ ಆಸ್ಪತ್ರೆಯಲ್ಲಿ ನೀವು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ನಾನು ಆಚೆ ಕಂಬದ ಹಿಂದೆ ಅದನ್ನೇ ಮಾಡುತ್ತಿದ್ದೆ. ತಾಯಿಯೂ ಚೆನ್ನಾಗಿದ್ದಾಳೆ. ಬೆಳಗ್ಗೆ ಓಮದ ಕಷಾಯ, ಆಮೇಲೆ ಮೆಂತೆ ಗಂಜಿ, ಮಧ್ಯಾಹ್ನ ಒಳ್ಳೆಮೆಣಸಿನ ಸಾರು, ಎಲ್ಲ ನನ್ನ ಕೈಯದ್ದೇ. ಮಗುವಿಗೆ ರುದ್ರವ್ವ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ. ಹಾಲವ್ವನವರು ಬಂದು ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿದರು. "ಪರವಾಗಿಲ್ರಿ" ಅಂದರು. ಅದನ್ನು ನಾನು ದೊಡ್ಡ ಸರ್ಟಿಫಿಕೇಟು ಅಂತ ಇಟ್ಟುಕೊಂಡಿದ್ದೇನೆ.

ನಾನು ಗೆದ್ದೆ ಅಂತ ನೀವು ಬರೆದಿದ್ದಿರಿ. ನಾನೂ ಹಾಗೇ ಅಂದುಕೊಂಡು ಸ್ವಲ್ಪ ದಿನ ಎದೆ ಉಬ್ಬಿಸಿ ಓಡಾಡಿದೆ. ಅನಿಲ ಪ್ರತಿ ಶನಿವಾರ ಬರುತ್ತಾನೆ, ಹಾಲವ್ವನವರು ಬರುತ್ತಾರೆ, ನೀವು ಮಾತ್ರ ಆಸ್ಪತ್ರೆಯಿಂದ ಹೋದವರು ಈ ಕಡೆ ತಲೆ ಹಾಕಿಲ್ಲ. ನನಗೆ ಸಂತೋಷವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ವಿಜೇತಾ ಕೇಳಿದಳು, "ಮಾವ ಯಾಕಪ್ಪಾ ಬರ್ಲಿಲ್ಲ?" ಕೇಳಿಸದವನ ಹಾಗೆ ಈರುಳ್ಳಿ ಹೆಚ್ಚುತ್ತಾ ಕೂತೆ. ಕಿವುಡನಿಗೆ ಇದೊಂದು ಸೌಕರ್ಯ. ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು. ಮೊಣಕಾಲು ನೋವಂತೆ ಅಂದೆ. ನನ್ನ ಮುಖ ನೋಡಿದಳು. ಆ ದಿನ ಗಂಜಿ ಹಾಗೇ ಬಿಟ್ಟಳು. ನಾನು ಬಡಿಸಿದ್ದನ್ನು ಅವಳು ಹುಟ್ಟಿದಾಗಿನಿಂದ ಬಿಟ್ಟವಳಲ್ಲ ಬೀಗರೇ. ಟೈಫಾಯಿಡಿನಲ್ಲೂ ಬಿಟ್ಟಿರಲಿಲ್ಲ. ನಿನ್ನೆಯೂ ಅರ್ಧ ಬಿಟ್ಟಳು.

ಆದ್ದರಿಂದ ಬರೆಯುತ್ತೇನೆ. ಕಳ್ಳ ಅಂದದ್ದು ತಪ್ಪು. ನೀವು ನಿಮ್ಮ ಗಿಡ ಕಿತ್ತು ನನ್ನ ಹೆಂಡತಿಯ ಗಿಡ ಉಳಿಸಿದಿರಿ. ಆ ಜಾಗದಲ್ಲಿ ನಾನಿದ್ದರೆ ಹಾಗೆ ಮಾಡುತ್ತಿರಲಿಲ್ಲ, ಅದು ಗೊತ್ತಿರುವುದರಿಂದಲೇ ಇಷ್ಟು ದಿನ ನಿಮ್ಮ ಮುಖ ನೋಡುವುದಕ್ಕೆ ಆಗಲಿಲ್ಲ. ಬರೆದುಬಿಟ್ಟೆ. ಇದನ್ನು ಕ್ವಾರ್ಟರ್ಸಿನವರಿಗೆಲ್ಲ ಓದಿ ಹೇಳಬೇಡಿ. ಹಾಲವ್ವನವರಿಗೆ ಬೇಕಾದರೆ ತೋರಿಸಿ.

ಇಲ್ಲಿ ಕಾಯಿ ಒಣಗಿ ನಿಂತಿವೆ. ಇನ್ನೇನು ಮಳೆ ಶುರುವಾಗುತ್ತದೆ, ಅದಕ್ಕೆ ಮುಂಚೆ ಬಿಡಿಸಬೇಕು. ನಾನು ಮುಟ್ಟಿಲ್ಲ. ನೀವು ಬಂದು ನಿಮ್ಮ ಕೈಯಿಂದ ಬಿಡಿಸಿ, ಅರ್ಧ ಇಲ್ಲಿಗೆ, ಅರ್ಧ ಅಲ್ಲಿಗೆ ಮಾಡಿ. ಊಟ ಇಲ್ಲೇ. ನೀವು ಎರಡನೇ ಸಲ ಹಾಕಿಸಿಕೊಳ್ಳುವ ಹಾಗೆ ಮಾಡದಿದ್ದರೆ ನಾನು ಸೀನನೇ ಅಲ್ಲ. ಮಗುವಿಗೆ ಆಟದ ಸಾಮಾನು ಏನೂ ತರಬೇಡಿ. ನೀವು ತಂದದ್ದನ್ನೇ ವಿಜೇತಾ ಹೊಗಳುತ್ತಾಳೆ.

ಮತ್ತೆ ಒಂದು ವಿಷಯ, ತಿಳಿಸದಿದ್ದರೆ ಮೋಸವಾಗುತ್ತದೆ. ಮಗು ಈಗ ಮುಖ ಗುರುತು ಹಿಡಿದು ನಗುವುದಕ್ಕೆ ಶುರು ಮಾಡಿದೆ. ಗಂಜಿ ಕುದಿಯುವ ಹೊತ್ತಿನಲ್ಲೆಲ್ಲ ನಾನು ನನ್ನ ಮುಖವನ್ನೇ ಅದರ ಎದುರು ಹಿಡಿದಿರುತ್ತೇನೆ. ನೀವು ತಡ ಮಾಡಿದಷ್ಟೂ ನನಗೇ ಲಾಭ. ಆದರೂ ಬರುವ ಭಾನುವಾರವೇ ಬನ್ನಿ.

ನಿಮ್ಮ ಬೀಗ,
ಸೀನ